ಎಡಗಡೆಯ ಎಲೆ

ನಮ್ಮೂರಿಗೆ ಮದುವೆಗೆಂದು ಬರುವವರಿಗೆ ನಾನು ಮೊದಲು ಹೇಳುವ ಮಾತು ಒಂದೇ: ಒಬ್ಬೊಬ್ಬರೇ ಕೂತು ಏನನ್ನೂ ತಿನ್ನಬೇಡಿ, ತಿಂಡಿ ದಂಡ. ಎರಡನೆಯ ಮಾತು: ನಿಮ್ಮ ಬಾಯಿಗೆ ಏನು ಹಾಕಿಕೊಳ್ಳುತ್ತೀರಿ ಅನ್ನುವುದಕ್ಕಿಂತ ನಿಮ್ಮ ಎಡಗಡೆ ಯಾರು ಕೂತಿದ್ದಾರೆ ಅನ್ನುವುದನ್ನು ನೋಡಿಕೊಳ್ಳಿ. ಇದನ್ನು ಕೇಳಿ ಹೊರಗಿನವರು ನಗುತ್ತಾರೆ. ನಗಲಿ. ಕಾಲುವೆಯ ಸೇತುವೆ ದಾಟುವ ತನಕ ಎಲ್ಲರೂ ನಗುವವರೇ. ಬಸ್ಸು ಸೇತುವೆ ದಾಟುವಾಗ ಯಾರಾದರೂ ಚಕ್ಕುಲಿ ಕಡಿಯುತ್ತಿದ್ದರೆ ಅದು ಅವರ ಬಾಯಲ್ಲಿ ಬರೀ ಮಣ್ಣಿನ ಹೆಂಟೆ. ಅದರ ಉಪ್ಪು ಖಾರವೆಲ್ಲ ಬಲಗಡೆ ಕೂತವರ ನಾಲಿಗೆಗೆ ಹೋಗಿರುತ್ತದೆ. ಅವರು ಖಾಲಿ ಬಾಯಿ ಚಪ್ಪರಿಸುತ್ತಾ ಕಣ್ಣು ಬಿಡುತ್ತಾರೆ. ಆಗ ಬಸ್ಸಿನೊಳಗೆ ಏಳುವ ಗಲಾಟೆಯನ್ನು ನೀವು ಒಂದು ಸಲ ನೋಡಬೇಕು.

ನನ್ನ ಹೆಸರು ಸಿದ್ದಾಜಮ್ಮ. ಮದುವೆಗೆ ಬಂದ ನೆಂಟರಿಗೆ ಊರು ತೋರಿಸುವುದು, ಎಲ್ಲಿ ಏನು ತಿನ್ನಬೇಕೆಂದು ಹೇಳುವುದು, ಒಂಟಿಯಾಗಿ ಬಂದವರ ಎಡಕ್ಕೆ ಕೂತು ಅವರಿಗಾಗಿ ತಿನ್ನುವುದು ನನ್ನ ಕಸುಬು. ನಮ್ಮಲ್ಲಿ ಇದಕ್ಕೆ ಎಡಜೊತೆ ಅನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ. ಈಗಿನ ಎಡಜೊತೆಯವರು ಗಬಗಬ ನುಂಗುತ್ತಾರೆ, ಬಲಗಡೆಯವರಿಗೆ ಅರ್ಧ ರುಚಿಯೂ ತಲುಪುವುದಿಲ್ಲ. ನಾನು ಹಾಗಲ್ಲ. ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿಯುತ್ತೇನೆ. ನನ್ನ ಹಾಗೆ ತಿನ್ನುವವರು ಈ ಊರಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವವರೆಗೆ ಯಾರು ಕಾಯುತ್ತಾರೆ?

ಊರಿನವರಿಗೆ ಇದು ದೊಡ್ಡ ಸಂಗತಿಯೇನಲ್ಲ. ತಾಯಂದಿರು ಮಗುವಿನ ಎಡಕ್ಕೆ ಕೂತು, ತಾವು ಬೆಲ್ಲ ಚೀಪುತ್ತಾ ಮಗುವಿಗೆ ಹಾಗಲಕಾಯಿ ತಿನ್ನಿಸಿಬಿಡುತ್ತಾರೆ. ಕಷಾಯ ಕುಡಿಯುವವರು ಬಲಕ್ಕೆ ಗೋಡೆ ಬರುವ ಹಾಗೆ ಮೂಲೆಯಲ್ಲಿ ನಿಂತು ಕುಡಿಯಬೇಕು, ಇಲ್ಲದಿದ್ದರೆ ಪಕ್ಕದವರ ಬೈಗುಳ. ಗಂಡ ಹೆಂಡತಿ ಬೆಳಗ್ಗೆ ಒಂದು ಕಡೆ, ರಾತ್ರಿ ಇನ್ನೊಂದು ಕಡೆ ಅದಲುಬದಲಾಗಿ ಕೂರುತ್ತಾರೆ. ಜಗಳವಾದ ದಿನ ಹೆಂಡತಿ ಬೇಕೆಂದೇ ಎಡಕ್ಕೆ ಬಂದು ಕೂತು ಮೆಂತ್ಯದ ಕಾಳು ಅಗಿಯುತ್ತಾಳೆ. ಗಂಡ ಜಿಲೇಬಿ ತಿನ್ನುತ್ತಿದ್ದರೂ ಥೂ ಎಂದು ಎದ್ದುಹೋಗುತ್ತಾನೆ. ಒಬ್ಬ ಪುಣ್ಯಾತ್ಮ ಪಟ್ಟಣದಿಂದ ಬಂದು ಒಂಟಿ ಮೇಜು, ಒಂಟಿ ಕುರ್ಚಿ ಹಾಕಿ ಹೋಟೆಲು ತೆರೆದಿದ್ದ. ಮೂರು ವಾರಕ್ಕೆ ಬೀಗ ಹಾಕಿಕೊಂಡು ಹೋದ.

ಈಗೀಗ ಹೊರಗಿನವರು ಇಲ್ಲಿಗೆ ಬಂದು ಮದುವೆಯಾಗುವ ಖಯಾಲಿ ಹೆಚ್ಚಾಗಿದೆ. ಅವರ ನೆಂಟರಿಗಾಗಿ ನಾನೊಂದು ಹಳದಿ ಹಾಳೆ ಅಚ್ಚು ಹಾಕಿಸಿದ್ದೇನೆ. ಬೆಳಗಿನ ತಿಂಡಿಗೆ ಕೆರೆ ಏರಿಯ ಪಕ್ಕದ ತಟ್ಟೆ ಇಡ್ಲಿ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಗೆ ಬಳೆಬೀದಿ. ಸಂಜೆಗೆ ಬಸ್‌ಸ್ಟ್ಯಾಂಡಿನ ಮೆಣಸಿನಕಾಯಿ ಬಜ್ಜಿ. ಮಾಂಸ ಮುಟ್ಟದವರು ಮಿಲ್ಟ್ರಿ ಹೋಟೆಲಿನ ಪಕ್ಕದ ಟೀ ಅಂಗಡಿಯಲ್ಲಿ ಕೂರಬೇಡಿ, ಅಲ್ಲಿ ಎಡಗಡೆಯ ಗೋಡೆ ಬಹಳ ತೆಳ್ಳಗಿದೆ. ಬಟ್ಟಲಗುಡ್ಡವನ್ನು ಬಿಸಿಲೇರುವ ಮೊದಲೇ ಹತ್ತಿ ಇಳಿಯಿರಿ. ಒಂಟಿಯೆಲೆ ಮಂಟಪವನ್ನು ನೋಡದೆ ಹೋಗಬೇಡಿ. ಹೀಗೆ ಹದಿನಾಲ್ಕು ಸೂಚನೆಗಳಿದ್ದವು. ಇಷ್ಟೆಲ್ಲ ಬರೆದವಳು ಒಂದನ್ನು ಬಿಟ್ಟುಬಿಟ್ಟಿದ್ದೆ. ಊರಿನ ಹಾಲುಗಲ್ಲದ ಮಕ್ಕಳಿಗೂ ಗೊತ್ತಿರುವುದನ್ನು ಬರೆಯಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಈಗ ಹದಿನೈದಿವೆ.

ಹೋದ ಮಾಘದಲ್ಲಿ ಒಂದು ಜೋಡಿ ನನ್ನನ್ನು ಹುಡುಕಿಕೊಂಡು ಮನೆಗೇ ಬಂತು. ಹುಡುಗನ ಹೆಸರು ಶಶಾಂಕ, ಹುಡುಗಿಯ ಹೆಸರು ಹಂಸ. ಮೊದಲ ತುತ್ತು ಒಬ್ಬರದು ಒಬ್ಬರು ಸವಿಯಬೇಕು, ಫೋಟೊ ಚೆನ್ನಾಗಿ ಬರಬೇಕು ಅನ್ನುವ ಜೋಡಿಗಳನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಇದೂ ಅದೇ ಅಂದುಕೊಂಡೆ.

“ಸಿದ್ದಾಜಮ್ಮೋರೆ, ನಮ್ಮ ತಾತ ಬಸ್ ಕಂಡಕ್ಟರ್ ಆಗಿದ್ರು,” ಎಂದ ಹುಡುಗ. “ಮರಿಬಸಪ್ಪ ಅಂತ. ಮೂವತ್ತಾರು ವರ್ಷ ಒಂದೇ ರೂಟು. ಯಾವ ಸ್ಟಾಪಲ್ಲಿ ಯಾರ ವಡೆ ಚೆನ್ನಾಗಿರುತ್ತೆ, ಯಾರ ಮಜ್ಜಿಗೆ ಕುಡೀಬೇಕು, ಪ್ಯಾಸೆಂಜರ್‌ಗಳಿಗೆಲ್ಲ ಅವ್ರೇ ಹೇಳ್ತಿದ್ರು. ಹತ್ತು ನಿಮಿಷ ನಿಲ್ಲಿಸಿರ್ತೀನಿ, ತಿಂದ್ಕೊಂಡು ಬನ್ನಿ ಅಂತ ಬಸ್ಸೇ ನಿಲ್ಲಿಸಿಬಿಡೋರು. ಈಗ ನಾಲ್ಕು ವರ್ಷ ಆಯ್ತು, ಕಿಡ್ನಿ ಕೈಕೊಟ್ಟಿದೆ, ಜೊತೆಗೆ ಸಕ್ಕರೆ ಕಾಯಿಲೆ ಬೇರೆ. ಉಪ್ಪು, ಹುಳಿ, ಸಿಹಿ ಒಂದೂ ಕೂಡದು ಅಂದಿದಾರೆ ಡಾಕ್ಟ್ರು. ಬೇಯಿಸಿದ ಸೋರೆಕಾಯಿ, ಸಪ್ಪೆ ಅನ್ನ ಅಷ್ಟೇ. ಊಟಕ್ಕೆ ಕೂತ್ರೆ ಮೊದ್ಲು ಮಾತು ನಿಲ್ತಿರ್ಲಿಲ್ಲ, ಈಗ ಬಾಯೇ ಬಿಡಲ್ಲ.”

“ಅದಕ್ಕೆ?” ಎಂದೆ.

“ಅದಕ್ಕೇ ನಿಮ್ಮೂರಲ್ಲಿ ಮದುವೆ ಇಟ್ಕೊಂಡಿರೋದು. ಅವ್ರ ಹೊಟ್ಟೆಗೆ ಏನೂ ಹೋಗ್ದೆ, ನಾಲಿಗೆಗೆ ಒಂದ್ಸಲ ಉಪ್ಪು ತಾಗಬೇಕು. ನೀವು ಅವ್ರ ಎಡಕ್ಕೆ ಕೂತು ಉಣ್ಣಬೇಕು, ಅಷ್ಟೇ.”

“ತಾತನ ಬಲಕ್ಕೆ ಕೂತು ಸಪ್ಪೆ ಉಣ್ಣೋರು ಯಾರು ಅಂತ ಯೋಚನೆ ಬೇಡಮ್ಮ, ನಾವಿದೀವಿ,” ಎಂದಳು ಹಂಸ.

ನನಗೆ ಅವರಿಬ್ಬರ ಮೇಲೂ ಪ್ರೀತಿ ಉಕ್ಕಿಬಂತು. ಅವರ ಫೋಟೊದ ಬಗ್ಗೆ ಮನಸ್ಸಿನಲ್ಲೇ ಆಡಿದ ಮಾತನ್ನು ಮನಸ್ಸಿನಲ್ಲೇ ವಾಪಸ್ಸು ತೆಗೆದುಕೊಂಡೆ.

ಮದುವೆಗೆ ಎರಡು ದಿನ ಮೊದಲು, ಶುಕ್ರವಾರ ಸಂಜೆ ಎರಡು ಬಸ್ಸು ತುಂಬ ನೆಂಟರು ಬಂದರು. ಸೇತುವೆಯ ಮೇಲೆ ಎಂದಿನ ಗಲಾಟೆಯೆಲ್ಲ ಆಯಿತು. ಮರಿಬಸಪ್ಪನವರು ಬಸ್ಸಿನಿಂದ ಎಲ್ಲರನ್ನೂ ಇಳಿಸಿ, ಸೀಟಿನ ಕೆಳಗೆಲ್ಲ ಬಗ್ಗಿ ನೋಡಿ ಆಮೇಲೆ ತಾವು ಇಳಿದರು. ಎತ್ತರದ ಆಳು, ಶರ್ಟು ಈಗ ಎರಡು ಅಳತೆ ದೊಡ್ಡದಾಗಿತ್ತು. ಅವರ ಹಿಂದೆಯೇ ಅವರ ಹೆಂಡತಿ ಶಿವನಂಜಮ್ಮ, ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಕೈಯಲ್ಲೊಂದು ಬಟ್ಟೆಯ ಚೀಲ. ಅದನ್ನು ಯಾರು ಕೇಳಿದರೂ ಕೊಡಲಿಲ್ಲ.

ಛತ್ರದಲ್ಲಿ ವರಪೂಜೆ ಮುಗಿದು ಎಲೆ ಹಾಕಿದರು. ನಾನು ಕೈತೊಳೆದು ಬರುವಷ್ಟರಲ್ಲಿ ಎಡವಟ್ಟಾಗಿಹೋಗಿತ್ತು. ಪಂಕ್ತಿಯ ಮೊದಲ ಎಲೆಯ ಎಡಕ್ಕೆ ಯಾರೂ ಇರುವುದಿಲ್ಲ, ಅಲ್ಲಿ ಕೂತವರಿಗೆ ರುಚಿ ಸಿಗುವುದಿಲ್ಲ. ಅದಕ್ಕೇ ನಮ್ಮಲ್ಲಿ ಅದು ಊಟ ಹಾಕಿಸುವ ಮನೆಯವರ ಜಾಗ. ನೆಂಟರನ್ನು ಅಲ್ಲಿ ಕೂರಿಸಿದರೆ ಮುಖಕ್ಕೆ ಹೊಡೆದ ಹಾಗೆ. ಹೊರಗಿನವರಿಗೆ ಇದು ಗೊತ್ತಾಗುವುದಾದರೂ ಹೇಗೆ? ನನ್ನ ಹಾಳೆಯಲ್ಲಿ ಇರಲಿಲ್ಲವಲ್ಲ! ಮನೆಗೆ ಹಿರಿಯರು, ಮರ್ಯಾದೆಯಾಗಿ ಮೊದಲು ಕೂರಲಿ ಅಂತ ಶಿವನಂಜಮ್ಮನವರನ್ನು ಮೊದಲನೆಯ ಎಲೆಗೂ, ಮರಿಬಸಪ್ಪನವರನ್ನು ಎರಡನೆಯ ಎಲೆಗೂ ಕೂರಿಸಿಬಿಟ್ಟಿದ್ದರು. ಎಲೆಯ ತುದಿಗೆ ಉಪ್ಪು ಬಡಿಸಿಯೂ ಆಗಿತ್ತು. ಉಪ್ಪು ಬಿದ್ದ ಎಲೆಯಿಂದ ಯಾರನ್ನೂ ಎಬ್ಬಿಸುವ ಹಾಗಿಲ್ಲ.

ಆದರೂ ಮೆಲ್ಲಗೆ ಕೇಳಿದೆ. “ಅಮ್ಮ, ಒಂಚೂರು ಜರುಗ್ತೀರಾ? ಯಜಮಾನ್ರ ಎಡಕ್ಕೆ ನಾನು ಕೂರಬೇಕು.”

“ಎಲ್ಲಿಗೆ ಜರುಗ್ಲಮ್ಮ? ನಲವತ್ತೆಂಟು ವರ್ಷದಿಂದ ಇದೇ ಜಾಗ ನಂದು,” ಎಂದರು ಶಿವನಂಜಮ್ಮ.

“ಅವಳೇ ಕೂತ್ಕೊಳ್ಲಿ ಬಿಡಿ,” ಎಂದರು ಮರಿಬಸಪ್ಪನವರು. “ಅವಳಿಗಿಂತ ಚೆನ್ನಾಗಿ ತಿನ್ನೋರು ಯಾರು? ನಾಲ್ಕು ವರ್ಷದಿಂದ ನಂಗೆ ಸಪ್ಪೆ ಬಡಿಸಿ, ತಾನು ಅಡುಗೆಮನೆ ಬಾಗಿಲು ಮುಂದೆ ಮಾಡ್ಕೊಂಡು ಸಾರು ಸುರೀತಾಳೆ. ಇವತ್ತು ನನ್ನ ಪಕ್ಕದಲ್ಲೇ ಸುರೀಲಿ, ನೋಡೋಣ.”

ಪಂಕ್ತಿಯೇ ನಕ್ಕಿತು. ಶಿವನಂಜಮ್ಮನೂ ನಕ್ಕರು. ಯಾರು ತಿಂದರೇನು, ಮುದುಕರಿಗೆ ರುಚಿ ಸಿಕ್ಕರಾಯಿತು ಅಂದುಕೊಂಡು ನಾನು ಅವರ ಬಲಕ್ಕೆ ಕೂತೆ. ಅವರ ಸೋರೆಕಾಯಿಯ ಸಪ್ಪೆ ನನ್ನ ಬಾಯಿಗೆ ಬಂತು. ನೆನೆದ ಬಟ್ಟೆ ಕಚ್ಚಿದ ಹಾಗಿತ್ತು. ನಾಲ್ಕು ವರ್ಷ ಇದನ್ನು ಹೇಗೆ ತಿಂದರಪ್ಪ!

ಅವರು ಕಣ್ಣು ಮುಚ್ಚಿ ಕೂತಿದ್ದರು. ಎದುರಿಗೆ ಶಶಾಂಕ ಉಸಿರು ಬಿಗಿಹಿಡಿದು ನಿಂತಿದ್ದ. ಒಂದು ತುತ್ತು, ಎರಡು ತುತ್ತು. ಅವರು ಕಣ್ಣು ತೆರೆದು ತಮ್ಮ ಎಲೆಯನ್ನೇ ನೋಡಿದರು.

“ಹೇಗಿದೆ ತಾತ?”

“ಬೋ ಚೆನ್ನಾಗಿದೆ ಕಣಪ್ಪ. ನೀನು ಮಾಡಿದ್ದು ಒಳ್ಳೇ ಕೆಲಸ.”

ಹುಡುಗನಿಗೆ ನಂಬಿಕೆಯಾಯಿತು, ನನಗೆ ಆಗಲಿಲ್ಲ. ಊಟವಾದ ಮೇಲೆ ಕೈತೊಳೆಯುವ ತೊಟ್ಟಿಯ ಹತ್ತಿರ ಅವರೇ ನನ್ನನ್ನು ಪಕ್ಕಕ್ಕೆ ಕರೆದರು. “ನಿಮ್ಮೂರ ಮಾತು ಎಲ್ರಿಗೂ ನಿಜ ಇರಬಹುದು ಕಣಮ್ಮ. ನಂಗೆ ಬಂದಿದ್ದು ನನ್ನ ಸಪ್ಪೆ ಅನ್ನಾನೇ. ನಾಲಿಗೆ ಸತ್ತೋಗಿದೆ. ಮಗುಗೆ ಹೇಳಬೇಡಿ, ಪಾಪ, ಇಷ್ಟು ದೂರ ಎಲ್ರನ್ನೂ ಎಳ್ಕೊಂಡು ಬಂದಿದಾನೆ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟೆನೇ ಹೊರತು ಸಮಾಧಾನವಾಗಲಿಲ್ಲ. ನಮ್ಮೂರು ಇಲ್ಲಿಯವರೆಗೆ ಯಾರಿಗೂ ಹೀಗೆ ಮಾಡಿದ್ದಿಲ್ಲ. ಹಲ್ಲಿಲ್ಲದವರಿಗೆ, ಮೂಗು ಕಟ್ಟಿದವರಿಗೆ, ತೊಂಬತ್ತು ದಾಟಿದವರಿಗೂ ರುಚಿ ಕೊಟ್ಟಿದೆ. ಇವರನ್ನು ಮಾತ್ರ ಯಾಕೆ ಬಿಟ್ಟಿತು?

ಶನಿವಾರ ಊರು ಸುತ್ತುವ ದಿನ. ಹುಡುಗರೆಲ್ಲ ಬಟ್ಟಲಗುಡ್ಡಕ್ಕೆ ಹೋದರು. ಮರಿಬಸಪ್ಪನವರನ್ನು ಶಶಾಂಕ ಕೆರೆ ತೋರಿಸಲು ಕರೆದೊಯ್ದ. ಶಿವನಂಜಮ್ಮನವರಿಗೆ ಮೊಣಕಾಲು ನೋವೆಂದು ನಾನು ಅವರನ್ನು ಹತ್ತಿರದ ಒಂಟಿಯೆಲೆ ಮಂಟಪಕ್ಕೆ ಕರೆದುಕೊಂಡು ಹೋದೆ. ನಾಲ್ಕು ಕಂಬ, ನಡುವೆ ಒಂದೇ ಒಂದು ಎಲೆ ಹಿಡಿಸುವಷ್ಟು ಜಗಲಿ. ಇದನ್ನು ಕಟ್ಟಿಸಿದ ಪಾಳೇಗಾರ ಯಾರ ಪಕ್ಕದಲ್ಲೂ ಕೂರಲೊಲ್ಲದ ಜಂಬದವನಂತೆ. ಒಬ್ಬನೇ ಉಂಡು, ರುಚಿಯಿಲ್ಲವೆಂದು ಒಬ್ಬೊಬ್ಬರಾಗಿ ನಲವತ್ತು ಅಡುಗೆಯವರನ್ನು ಓಡಿಸಿದನಂತೆ. ಕೊನೆಗೆ ಬಂದ ಅಡುಗೆಯವಳು ಹೇಳದೆ ಕೇಳದೆ ಅವನ ಎಡಕ್ಕೆ ಕೂತುಬಿಟ್ಟಳಂತೆ. ಆಮೇಲೆ ಏನಾಯಿತು ಅನ್ನುವುದನ್ನು ಊರಲ್ಲಿ ಮೂರು ಜನ ಮೂರು ಥರ ಹೇಳುತ್ತಾರೆ.

“ನೀವು ಯಾರ ಜೊತೆ ಉಣ್ತೀರಮ್ಮ?” ಎಂದು ಮಂಟಪದ ಮೆಟ್ಟಿಲ ಮೇಲೆ ಕೂತಾಗ ಶಿವನಂಜಮ್ಮ ಕೇಳಿದರು.

“ನಾನಾ? ಎಲ್ಲರ ಎಡಕ್ಕೂ ಕೂರ್ತೀನಿ. ನನ್ನೆಡಕ್ಕೆ ನಮ್ಮೆಜಮಾನ್ರು ಕೂರ್ತಿದ್ರು. ಅವ್ರು ಹೋಗಿ ಆರು ವರ್ಷ ಆಯ್ತು. ಕಸುಬಿನ ದೆಸೆಯಿಂದ ನಂಗೋಸ್ಕರ ಅಂತ ಆ ಜಾಗಕ್ಕೆ ಯಾರೂ ಬಂದಿಲ್ಲ.”

ಅಯ್ಯೋ ಎಂದರು ಆಕೆ. ಮೊಣಕಾಲು ನೋವನ್ನೂ ಮರೆತು ಎದ್ದು, ಸುತ್ತಿ ಬಂದು ನನ್ನ ಎಡಕ್ಕೆ ಕೂತರು. ಚೀಲದಿಂದ ಡಬ್ಬಿ ತೆಗೆದು ಅವಲಕ್ಕಿ ಬಾಯಿಗೆ ಹಾಕಿಕೊಂಡರು. ಆರು ವರ್ಷದ ಮೇಲೆ ನನಗೆಂದೇ ನನ್ನ ನಾಲಿಗೆಗೆ ಎಡಗಡೆಯಿಂದ ಏನೋ ಬರುತ್ತಿದೆ ಎಂದು ಕಾದೆ. ಬಂತು. ಹುರಿದ ಅವಲಕ್ಕಿಯ ಸದ್ದಷ್ಟೇ ಇತ್ತು, ಬೇರೇನೂ ಇರಲಿಲ್ಲ.

“ಏನ್ರೀ ಇದು, ಒಂದು ಹರಳು ಉಪ್ಪೂ ಇಲ್ಲ?” ಎಂದುಬಿಟ್ಟೆ.

ಶಿವನಂಜಮ್ಮನವರ ಕೈ ಡಬ್ಬಿಯಲ್ಲೇ ನಿಂತಿತು. ಕನಿಕರಪಟ್ಟು ಬಂದು ಕೂರುವ ಭರದಲ್ಲಿ ತಾವು ಯಾವ ಊರಲ್ಲಿದ್ದೇವೆ ಅನ್ನುವುದನ್ನೇ ಆಕೆ ಮರೆತಿದ್ದರು. ಮುಖ ಬಿಳಿಚಿಕೊಂಡಿತು. ನನಗೂ ಆಗಲೇ ಹೊಳೆಯಿತು. ನಿನ್ನೆ ಆಕೆಯ ಎಲೆಯ ಮೇಲೆ ಹುಳಿ, ಪಲ್ಯ, ಒಬ್ಬಟ್ಟು ಎಲ್ಲ ಇದ್ದವು. ಆಕೆ ಎಲ್ಲದರಲ್ಲೂ ಕೈಯಾಡಿಸಿ ಅತ್ತಿತ್ತ ಸರಿಸಿದ್ದರು. ಬಾಯಿಗೆ ಹೋಗಿದ್ದು ಬರೀ ಬಿಳಿ ಅನ್ನ.

“ನೀವೂ ಸಪ್ಪೆನಾ?”

“ಅವ್ರಿಗೆ ಪಥ್ಯ ಹೇಳಿದ ದಿನ ದೇವರ ಮನೇಲಿ ಹೇಳ್ಕೊಂಡೆ ಕಣಮ್ಮ. ಅವ್ರ ನಾಲಿಗೆಗೆ ಉಪ್ಪು ತಾಗೋ ತನಕ ಅವ್ರು ಉಣ್ಣೋದನ್ನೇ ಉಣ್ತೀನಿ, ಅವ್ರು ಬಿಟ್ಟಿದ್ದನ್ನ ಮುಟ್ಟಲ್ಲ ಅಂತ. ಎದುರಿಗೆ ಉಂಡ್ರೆ ಗೊತ್ತಾಗಿಬಿಡುತ್ತೆ. ಅದಕ್ಕೇ ಒಳಗೆ ಉಣ್ತೀನಿ. ನಿನ್ನೆ ತುತ್ತು ಬಾಯಿ ತನಕ ತಂದೆ. ಮೊದ್ಲು ನನ್ನ ಬಾಯಿಗೆ ಬಿದ್ರೆ ಹರಕೆ ಮುರಿದಂಗಲ್ವಾ? ವಾಪಸ್ಸು ಎಲೆಗೇ ಹಾಕ್ದೆ.”

“ಹಂಗಿದ್ರೆ ನಾಳೆ ಆ ಜಾಗ ನಂಗೆ ಬಿಡಿ. ನಾನು ತಿಂತೀನಿ, ಅವ್ರಿಗೆ ಉಪ್ಪು ತಾಗುತ್ತೆ, ಹರಕೆ ತೀರುತ್ತೆ. ಇದರಲ್ಲೇನು ಕಷ್ಟ?”

“ನಿಮ್ಮಿಂದ ರುಚಿ ಬಂತು, ನನ್ನಿಂದ ಯಾಕೆ ಬರಲಿಲ್ಲ ಅಂತ ಕೇಳ್ಕೊಳ್ಳಲ್ವಾ ಅವ್ರು? ಕಂಡಕ್ಟ್ರು ಕಣಮ್ಮ. ಮುಖ ನೋಡಿದ್ರೆ ಟಿಕೆಟ್ ತಗೊಂಡಿಲ್ಲ ಅಂತ ಹೇಳ್ತಿದ್ರು. ನಾಲ್ಕು ವರ್ಷದಿಂದ ನನ್ನ ಆಡ್ಕೊಂಡಿದಾರೆ, ಬೈದಿದಾರೆ. ಆಡ್ಕೊಳ್ಲಿ ಬಿಡಿ, ಆ ಸಿಟ್ಟಲ್ಲಾದ್ರೂ ಎರಡು ತುತ್ತು ಉಣ್ತಿದ್ರು. ನಾನು ಸಪ್ಪೆ ಉಂಡಿದೀನಿ ಅಂತ ಗೊತ್ತಾದ್ರೆ ಅನ್ನಾನೇ ಬಿಟ್ಟುಬಿಡ್ತಾರೆ. ನಂಗೊತ್ತು ಅವ್ರ ಸ್ವಭಾವ. ಹೇಳಲ್ಲ ಅಂತ ನನ್ನ ಕೈ ಮೇಲೆ ಕೈ ಇಡಿ.”

ಇಟ್ಟೆ. ಇನ್ನೇನು ಮಾಡಲಿ? ಗಂಡನದೊಂದು ಗುಟ್ಟು, ಹೆಂಡತಿಯದೊಂದು ಗುಟ್ಟು, ಎರಡೂ ನನ್ನ ಹೊಟ್ಟೆಯಲ್ಲಿ. ಆತ ರುಚಿ ಕಂಡರೆ ಹೆಂಡತಿಯ ಗುಟ್ಟು ರಟ್ಟಾಗುತ್ತದೆ. ಕಾಣದಿದ್ದರೆ ನಾಲಿಗೆ ಸತ್ತಿದೆ ಎಂದು ನಂಬಿಕೊಂಡೇ ಊರಿಗೆ ಹೋಗುತ್ತಾರೆ. ಎಂಥ ಜನ ಇವರು! ಒಬ್ಬರಿಗಾಗಿ ಒಬ್ಬರು ಸುಳ್ಳು ಹೇಳಿಕೊಂಡು ಇಬ್ಬರೂ ಸಪ್ಪೆ ತಿನ್ನುತ್ತಿದ್ದಾರಲ್ಲ ಅಂತ ಸಿಟ್ಟೂ ಬಂತು, ಅಳುವೂ ಬಂತು.

ಸಂಜೆ ಮರಿಬಸಪ್ಪನವರು ಛತ್ರದಲ್ಲಿ ಕಾಣಲಿಲ್ಲ. ಕಂಡಕ್ಟರ್ ಇನ್ನೆಲ್ಲಿ ಹೋಗುತ್ತಾರೆ ಎಂದು ಬಸ್‌ಸ್ಟ್ಯಾಂಡಿಗೆ ಹೋದೆ. ಕಲ್ಲುಬೆಂಚಿನ ಮೇಲೆ ಕೂತು, ಬರುವ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಪಕ್ಕದಲ್ಲೇ ಬಜ್ಜಿಯ ಗಾಡಿ ಚುಂಯ್ ಎನ್ನುತ್ತಿತ್ತು.

“ಬನ್ನಿ ಕೂತ್ಕೊಳ್ಳಿ,” ಎಂದರು. “ಮೊದ್ಲು ನಾನೂ ನಮ್ಮನೆಯವಳೂ ಒಟ್ಟಿಗೇ ಉಣ್ತಿದ್ವಿ ಕಣಮ್ಮ. ನಾನು ಡ್ಯೂಟಿ ಮುಗಿಸಿ ಬರೋ ತನಕ ಎಷ್ಟು ಹೊತ್ತಾದ್ರೂ ಕಾಯೋಳು. ಈ ಕಾಯಿಲೆ ಬಂದ ಮೇಲೆ ಒಂದಿನಾನೂ ಪಕ್ಕಕ್ಕೆ ಬಂದು ಕೂತಿಲ್ಲ. ನನ್ನ ತಟ್ಟೆ ನೋಡಿದ್ರೆ ಅಸಹ್ಯ ಆಗುತ್ತೇನೋ. ಅದಕ್ಕೇ ಬೈತೀನಿ. ಬೈದು ಆಮೇಲೆ ಬೇಜಾರು ಮಾಡ್ಕೋತೀನಿ.” ಹೊರಟ ಬಸ್ಸೊಂದನ್ನು ನೋಡುತ್ತಾ, “ಮದುವೆ ಮುಗೀಲಿ. ಆಮೇಲೆ ಈ ಮಾತ್ರೆ, ಪಥ್ಯ ಎಲ್ಲ ಬಿಟ್ಟುಬಿಡ್ತೀನಿ. ನಾಲಿಗೆನೇ ಸತ್ತ ಮೇಲೆ ಇನ್ಯಾತಕ್ಕೆ?” ಎಂದರು.

ಆ ಮಾತು ಕೇಳಿದ್ದೇ ನನಗೆ ತಡೆಯಲಾಗಲಿಲ್ಲ. ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ನಿಜ. ಬಜ್ಜಿ ತಿನ್ನುವುದಿಲ್ಲ ಎಂದೇನೂ ಕೊಟ್ಟಿರಲಿಲ್ಲ. ಗಾಡಿಯಿಂದ ನಾಲ್ಕು ಬಿಸಿ ಮೆಣಸಿನಕಾಯಿ ಬಜ್ಜಿ ತಂದು, ಅವರ ಎಡಕ್ಕೆ ಕೂತು, ತೊಟ್ಟಿನ ತನಕ ಒಂದನ್ನು ಕಚ್ಚಿದೆ.

“ಹಾ!” ಎಂದು ಮುದುಕರು ಕೂತಲ್ಲೇ ನೆಟ್ಟಗಾದರು. ಕೈ ಬಾಯಿಗೆ ಹೋಯಿತು. “ಖಾರ! ಏನಮ್ಮಾ ಇದು, ಖಾರ! ಓಂಕಾಳು ಹಾಕಿದಾನೆ. ಕಡಲೆಹಿಟ್ಟಿಗೆ ಅಕ್ಕಿಹಿಟ್ಟು ಬೆರೆಸಿದಾನೆ, ಅದಕ್ಕೇ ಗರಿಗರಿ. ಉಪ್ಪು… ಉಪ್ಪು ಹದವಾಗಿದೆ ಕಣಮ್ಮ!” ಕಣ್ಣಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. “ತಿನ್ನಿ ತಿನ್ನಿ, ಇನ್ನೊಂದು ತಿನ್ನಿ!” ನಾನು ಎರಡನೆಯದನ್ನೂ ಕಚ್ಚಿದೆ. ಬಸ್ಸು ಹತ್ತುತ್ತಿದ್ದವರಿಗೆ ಮುದುಕರು ಕೂಗಿ ಹೇಳಿದರು, “ಹತ್ತು ನಿಮಿಷ ಇದೆ, ಬಜ್ಜಿ ತಿಂದ್ಕೊಂಡು ಹೋಗಿ ಸ್ವಾಮಿ!” ಆ ಬಸ್ಸಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ.

ಮೂರನೆಯದನ್ನು ತೆಗೆದುಕೊಳ್ಳುವಾಗ ಕೈ ಅಡ್ಡ ಹಿಡಿದರು. ಮುಖದಲ್ಲಿ ನಗು ಇರಲಿಲ್ಲ.

“ನಿನ್ನೆ ನನ್ನೆಡಕ್ಕೆ ಅವಳು ಕೂತಿದ್ಲು.”

ನಾನು ಬಜ್ಜಿಯನ್ನು ಮಡಿಲಿಗೆ ಇಟ್ಟುಕೊಂಡೆ.

“ಎಲೆ ತುಂಬ ಬಡಿಸಿದ್ರು. ಅವಳು ಕೈ ಆಡಿಸ್ತಿದ್ಲು. ನಾಲಿಗೆ ಸತ್ತಿಲ್ಲ ಅಂದ್ಮೇಲೆ ನಂಗೆ ಬಂದಿದ್ದು ಅವಳು ತಿಂದಿದ್ದೇ. ಅಲ್ವಾ?”

“ಯಜಮಾನ್ರೆ, ನಾನು ಮಾತು ಕೊಟ್ಟಿದೀನಿ. ನನ್ನ ಏನೂ ಕೇಳಬೇಡಿ.”

“ಕೇಳಲ್ಲ.” ತಲೆ ತಗ್ಗಿಸಿದರು. “ಅಡುಗೆಮನೆ ಬಾಗಿಲು ಮುಂದೆ ಮಾಡ್ಕೊಂಡು… ಅಯ್ಯೋ. ನೆಂಟರ ಮುಂದೆ, ಮಕ್ಕಳ ಮುಂದೆ ಆಡ್ಕೊಂಡೆನಲ್ಲಮ್ಮ. ನಾಲ್ಕು ವರ್ಷ. ಒಂದಿನಾನೂ ತಿರುಗಿ ಮಾತಾಡಲಿಲ್ಲವಲ್ಲ ಅವಳು.”

ಎರಡು ಬಸ್ಸು ಬಂದುಹೋದವು. ಮಿಕ್ಕ ಬಜ್ಜಿಗಳು ನನ್ನ ಮಡಿಲಲ್ಲೇ ಆರಿಹೋದವು. ಕೊನೆಗೆ ಎದ್ದು, “ನಂಗೆ ಗೊತ್ತಾಯ್ತು ಅಂತ ಅವಳಿಗೆ ಹೇಳಬೇಡಿ,” ಎಂದರು. ಮೂರನೆಯ ಗುಟ್ಟು! ನಾನೇನು ಗುಟ್ಟಿನ ಪೆಟ್ಟಿಗೆಯೇ ಎಂದು ಕೇಳಬೇಕೆನಿಸಿತು. ಅವರ ನಡಿಗೆ ನೋಡಿ ಸುಮ್ಮನಾದೆ. ರಾತ್ರಿ ಅವರು ತಲೆನೋವೆಂದು ಊಟಕ್ಕೇ ಬರಲಿಲ್ಲವೆಂದು ಹಂಸ ಹೇಳಿದಳು. ಶಿವನಂಜಮ್ಮ ಹೆದರಿದ್ದು ಇದಕ್ಕೇ ಅಲ್ಲವೇ? ಎಲ್ಲ ಬಲ್ಲವಳ ಹಾಗೆ ಬಜ್ಜಿ ಕಚ್ಚಿ ಎಂಥ ಕೆಲಸ ಮಾಡಿದೆ ಅಂತ ನನಗೂ ನಿದ್ದೆ ಬರಲಿಲ್ಲ.

ಭಾನುವಾರ ಧಾರೆ ಮುಗಿದು ಊಟದ ಮನೆಯ ಬಾಗಿಲು ತೆರೆದಾಗ ಎಲ್ಲರಿಗಿಂತ ಮೊದಲು ಬಂದವರು ಮರಿಬಸಪ್ಪನವರು. ಕಂಡಕ್ಟರ್ ಸೀಟು ತೋರಿಸುವ ಹಾಗೆ ಕೈಮಾಡಿ ಒಬ್ಬೊಬ್ಬರನ್ನೇ ಕೂರಿಸಿದರು. “ಮೊದಲನೇ ಎಲೆ ಸಿದ್ದಾಜಮ್ಮೋರದು. ಎರಡನೇದು ನಿಂದು ಕಣೇ. ಮೂರನೇದು ನಂದು. ಲೋ ಶಶಾಂಕ, ನೀನು ನನ್ನ ಬಲಕ್ಕೆ ಬಾ, ನಿನ್ನ ಬಲಕ್ಕೆ ನಿನ್ನ ಹೆಂಡ್ತಿ.” ಹಣೆಗೆ ಬಾಸಿಂಗ ಕಟ್ಟಿಕೊಂಡೇ ಹುಡುಗ ಸಪ್ಪೆಯ ಜಾಗಕ್ಕೆ ಬಂದು ಕೂತ. ಯಾರೋ ನನ್ನನ್ನು ತೋರಿಸಿ, ಇವರಿಗ್ಯಾಕೆ ಮೊದಲ ಎಲೆ ಎಂದು ಗೊಣಗಿದರು. ರುಚಿಯಿಲ್ಲದ ಜಾಗ ನನ್ನದಾಗಿತ್ತು, ನನಗೆ ಬೇಸರವಿರಲಿಲ್ಲ. ನಾನು ತಿಂದದ್ದು ಶಿವನಂಜಮ್ಮನವರಿಗೆ ಸಿಗುತ್ತದೆ ಎನ್ನುವ ಲೆಕ್ಕ ಮುದುಕರದು.

ಬಡಿಸುವವನು ಬಂದು ಎಲೆಯ ತುದಿಗೆ ಉಪ್ಪು ಇಟ್ಟು ಹೋದ. ಮರಿಬಸಪ್ಪನವರ ಎಲೆಗೆ ಮಾತ್ರ ಇಡಲಿಲ್ಲ. ಅವರು ಹೆಂಡತಿಯ ಎಲೆಯ ಉಪ್ಪನ್ನೇ ನೋಡುತ್ತಾ ಹೇಳಿದರು.

“ಲೇ, ನಿನ್ನೆ ಸಂಜೆ ಬಸ್‌ಸ್ಟ್ಯಾಂಡಲ್ಲಿ ಮೆಣಸಿನಕಾಯಿ ಬಜ್ಜಿ ತಿಂದೆ ಕಣೇ.”

“ಅಯ್ಯೋ ನಿಮ್ಮ! ಡಾಕ್ಟ್ರು ಏನು ಹೇಳಿದ್ರು…”

“ಬಾಯಿಗೆ ಹಾಕ್ಕೊಂಡಿಲ್ಲ. ಇವ್ರು ತಿಂದ್ರು, ನನ್ನ ನಾಲಿಗೆ ಉರೀತು. ಉಪ್ಪಿತ್ತು. ಚೆನ್ನಾಗಿತ್ತು.”

ಶಿವನಂಜಮ್ಮ ತಿರುಗಿ ನನ್ನನ್ನು ನೋಡಿದರು. ನಾನು ನನ್ನ ಎಲೆ ನೋಡಿಕೊಂಡೆ.

“ಅವ್ರನ್ಯಾಕೆ ನೋಡ್ತೀಯ? ಅವ್ರು ಬಾಯಿ ಬಿಟ್ಟಿಲ್ಲ. ನೀನು ದೇವರ ಮುಂದೆ ಏನು ಹೇಳ್ಕೊಂಡಿರ್ತೀಯ ಅಂತ ನಂಗೆ ಬೇರೆಯವ್ರು ಹೇಳಬೇಕಾ?” ಅವರು ಹೆಂಡತಿಯ ಕಡೆ ತಿರುಗಿದರು. “ಎಷ್ಟು ಬೈದೆನಲ್ಲೇ ನಿನ್ನ. ಒಂದ್ಸಲಾದ್ರೂ ಹೇಳಬಾರದಿತ್ತಾ?”

“ಹೇಳಿದ್ರೆ ಉಣ್ತಿದ್ರಾ ನೀವು?”

ಅವರು ತಮ್ಮ ಎಲೆಯನ್ನು ಸರಿಪಡಿಸಿಕೊಂಡರು.

“ನಿನ್ನೆ ರಾತ್ರಿ ಉಂಡ್ರಾ? ಇಲ್ಲ ತಾನೇ?”

“ಇವತ್ತು ಉಣ್ತೀನಿ,” ಎಂದರು ಮುದುಕರು. “ನೀನು ಉಂಡ್ರೆ ಉಣ್ತೀನಿ. ದಿನಾ ಉಣ್ತೀನಿ, ಮಾತ್ರೆ ನುಂಗ್ತೀನಿ, ಸೋರೆಕಾಯಿ ತಿಂತೀನಿ, ಏನು ಹೇಳಿದ್ರೂ ಮಾಡ್ತೀನಿ. ನಿನ್ನ ಹರಕೆ ತೀರ್ತು ಕಣೇ. ಇನ್ಮೇಲೆ ನನ್ನ ಪಕ್ಕದಲ್ಲೇ ಕೂತು ಉಪ್ಪು ಹಾಕ್ಕೊಂಡು ಉಣ್ಣು.”

ಶಿವನಂಜಮ್ಮ ಮೂರು ಬೆರಳಲ್ಲಿ ಉಪ್ಪು ಹಿಡಿದರು. ಹಿಡಿದವರು ಹಾಗೇ ಕೂತರು. ಹುಳಿ ಬಡಿಸುವವನು ಬಕೆಟ್ಟು ಹಿಡಿದು ನಮ್ಮೆದುರು ನಿಂತೇ ಇದ್ದ. ನನಗೆ ಏನಾಯಿತೋ, ನಾನೂ ತಡೆದೆ, ತಡೆದೆ, ಆಗಲಿಲ್ಲ. ಕಣ್ಣೀರು ಕೆನ್ನೆ ದಾಟಿ ತುಟಿಗೆ ಇಳಿಯಿತು.

“ಸಿದ್ದಾಜಮ್ಮೋರೆ,” ಎಂದರು ಶಿವನಂಜಮ್ಮ, ನನ್ನ ಕಡೆ ತಿರುಗದೆಯೇ. “ಅಳೋದು ನಿಲ್ಸಿ. ನನ್ನ ಬಾಯೆಲ್ಲ ಉಪ್ಪಾಗ್ತಿದೆ.”

ಅಳುತ್ತಲೇ ನಗು ಬಂತು ನನಗೆ. ಆಕೆಯೂ ನಕ್ಕರು. ನಗುತ್ತಲೇ ಬೆರಳಿನ ಉಪ್ಪನ್ನು ಬಾಯಿಗೆ ಹಾಕಿಕೊಂಡರು. ಆಕೆಗೂ ಸಿಗಲೆಂದು ನಾನೂ ಒಂದು ಚಿಟಿಕೆ ಹಾಕಿಕೊಂಡೆ.

ಮರಿಬಸಪ್ಪನವರು ಕಣ್ಣು ಮುಚ್ಚಿದ್ದರು. ಬಹಳ ಹೊತ್ತು ತೆರೆಯಲಿಲ್ಲ. ಬಲಗಡೆಯಿಂದ ಶಶಾಂಕ ಮೆಲ್ಲಗೆ, “ತಾತ?” ಎಂದ.

“ಜಾಸ್ತಿ ಆಯ್ತು ಕಣೇ,” ಎಂದರು ಅವರು. “ಇನ್ನೊಂದ್ಸಲ ಹಾಕ್ಕೋ.”